ಇಪ್ಪತ್ತೆರಡನೆಯ ದಿನ

ನಾನವನ ಮುಖ ನೋಡಿರಲಿಲ್ಲ.
ಬೆಳಗಿನ ಆರಕ್ಕೆ ಬರುವ ನೇರಳೆ ಮುಚ್ಚಳದ ಕೊಳವೆ,
ಅದರ ಮೇಲೆ ವಾರ್ಡಿನ ಹುಡುಗಿಯ ಸೊಟ್ಟ ಅಕ್ಷರ:
ನೋದರ್, ಐವತ್ತೆಂಟು, ಮೂರನೇ ಮಹಡಿ, ಕಿಟಕಿ ಪಕ್ಕ.
ಕುತೈಸಿಯ ಈ ಹಳೆಯ ಆಸ್ಪತ್ರೆಯಲ್ಲಿ
ಎಣಿಸುವ ಯಂತ್ರ ಕೆಟ್ಟಾಗ ಎಣಿಸುವವಳು ನಾನು, ಗುರಾಂದಾ.
ಎಡಗೈಯಡಿ ಟಿಕ್ ಟಿಕ್ ಗುಂಡಿ, ಬಲಗಣ್ಣು ಮಸೂರಕ್ಕೆ.

ಕಣಕಾಲಿನ ಮೂಳೆಯಲ್ಲಿ ಕೀವು. ಅದಕ್ಕೆಂದು
ದಿನಕ್ಕೆರಡು ಸಲ ವ್ಯಾಂಕೊಮೈಸಿನ್, ಹನಿ ಹನಿ.
ಮೊದಲ ವಾರ ಜ್ವರ ಬಿಟ್ಟಿತು.
ಎರಡನೆಯ ವಾರ ಗಾಯ ಮಾಗಿತು.
ಅವನ ಹೆಂಡತಿ ತ್ಸಿಯಾಲಾ ಚೀಸಿನ ರೊಟ್ಟಿ ತಂದು
ನಮಗೂ ಹಂಚಿದಳು. ಬಾಯಿ ಸುಡುವ ಬಿಸಿ,
ನನ್ನ ಲೆಕ್ಕದ ಹಾಳೆಯ ಮೇಲೆ ಇವತ್ತಿಗೂ ಅದರ ಜಿಡ್ಡು.

ಇಪ್ಪತ್ತೆರಡನೆಯ ದಿನ,
ಇಟ್ಟಿಗೆಗೆಂಪು ಕಾಳು ತುಂಬಿಕೊಂಡ ಕಣಗಳು,
ನೂರಕ್ಕೆ ಎರಡೋ ಮೂರೋ ಇರಬೇಕಾದವು,
ಮೂವತ್ತನಾಲ್ಕು.
ಗಾಜು ಬದಲಿಸಿದೆ. ಬಣ್ಣ ಹೊಸದಾಗಿ ಹಚ್ಚಿದೆ.
ಮೂವತ್ತಾರು.
ಯಕೃತ್ತಿನ ಅಂಕಿ ಮಿತಿ ಹಾರಿ ಇಪ್ಪತ್ತು ಪಟ್ಟು.
ಮೂತ್ರಪಿಂಡವೂ ಮೆಲ್ಲಗೆ ಕದ ಎಳೆದುಕೊಳ್ಳುತ್ತಿದೆ.
ಫೋನಿನ ಆ ತುದಿಯಲ್ಲಿ ಡಾಕ್ಟರ್ ಮ್ಝೆವಿನಾರ್
ನಾನು ಹೇಳಿ ಮುಗಿಸುವ ಮೊದಲೇ ಅಂದಳು: ಗೊತ್ತಾಯಿತು,
ಮುಖ ಹುದುಗಿದ ಹಿಟ್ಟಿನಂತೆ ಊದಿದೆ,
ಎದೆಯಿಂದ ತೊಡೆಯವರೆಗೆ ಕೆಂಪು,
ಕಂಕುಳಲ್ಲಿ ಅಕ್ರೋಟಿನಷ್ಟು ಗಂಟು. ಹನಿ ನಿಲ್ಲಿಸಿದ್ದೇನೆ.

ನಮ್ಮಲ್ಲಿ ಅತಿಥಿ ದೇವರು ಕಳಿಸಿದವನು.
ಹೊಸ್ತಿಲಲ್ಲೇ ಕತ್ತಿ ಎತ್ತುವ ಮೈಗಳೂ ಇವೆ,
ಗಂಟಲು ಬಿಗಿದು ನಿಮಿಷಗಳಲ್ಲಿ ಇತ್ಯರ್ಥ.
ಇದು ಹಾಗಲ್ಲ.
ಮೂರು ವಾರ ಒಳಗೆ ಕೂರಿಸಿ, ಉಪ್ಪಿಟ್ಟು ಅನ್ನವಿಟ್ಟು,
ಅವನ ಮುಖ ಬಾಯಿಪಾಠ ಮಾಡಿಕೊಂಡು
ಒಂದು ರಾತ್ರಿ ದೀವಟಿಗೆ ಹಿಡಿದು ಏಳುವುದು,
ಅವನನ್ನು ಹುಡುಕುತ್ತ ತನ್ನದೇ ಕೋಣೆಗಳಿಗೆ
ಒಂದೊಂದಾಗಿ ಬೆಂಕಿ ಇಡುವುದು,
ಅತಿಥಿ ಹೊರಟುಹೋದ ಮೇಲೂ.
ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರೆ.
ಆದರೆ ಬೇಲಿಗೆ ಹಸಿವಿರಲಿಲ್ಲ.
ಭಯ ಇತ್ತು.

ಸ್ಟಿರಾಯ್ಡ್ ಶುರು. ಇಪ್ಪತ್ತೆಂಟು. ಹನ್ನೊಂದು. ಆರು.
ಗುಳಿಗೆ ಇಳಿಸಿದ ವಾರ ಮತ್ತೆ ಹತ್ತೊಂಬತ್ತು.
ಅಂಗೈ ಚರ್ಮ ಕೈಗವಸಿನಂತೆ ಕಳಚಿತಂತೆ.
ನಾನು ಎಣಿಸಿದೆ. ಬೇರೇನು ಮಾಡಲಿ,
ನನಗೆ ಬರುವ ಪ್ರಾರ್ಥನೆ ನೂರರವರೆಗೆ ಮಾತ್ರ.

ಅಕ್ಟೋಬರಿನಲ್ಲಿ ಲ್ಯಾಬಿನ ಕಿಂಡಿಗೆ ಬಂದ ಒಬ್ಬ,
ಕೋಲೂರಿಕೊಂಡು. ಕಣ್ಣಲ್ಲಿ ಇನ್ನೂ ತುಸು ಹಳದಿ.
ಎಣಿಸುತ್ತಿದ್ದವರು ಯಾರು?
ನಾನು, ಅಂದೆ.
ಅವನ ಕೆಲಸ, ನೆಲದಲ್ಲಿ ಹೂತ ದ್ರಾಕ್ಷಾರಸದ ಗುಡಾಣಗಳನ್ನು
ಒಳಗಿಳಿದು ತೊಳೆಯುವುದು, ಚೆರ್ರಿ ತೊಗಟೆಯ ಕುಂಚದಿಂದ.
ಒಳಗಿರುವಷ್ಟು ಹೊತ್ತೂ ಹಾಡುತ್ತಿರಬೇಕು, ಅಂದ,
ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ,
ಹಾಡು ನಿಂತರೆ ಬಾಯಿ ಬಳಿ ನಿಂತವರು ಹಗ್ಗ ಎಳೆಯುತ್ತಾರೆ.
ನನ್ನ ಕೊಳವೆಗಳ ಸಾಲನ್ನು ದಿಟ್ಟಿಸಿದ.
ಹಾಗಾದರೆ ಬಾಯಿ ಬಳಿ ನಿಂತಿದ್ದವಳು ನೀನು.

ಈ ವರ್ಷ ಅವನು ಇಳಿಯುವುದಿಲ್ಲ. ತಂಗಿಯ ಮಗಳು ಇಳಿಯುತ್ತಾಳೆ,
ಅಪಸ್ವರದಲ್ಲಿ ಹಾಡುತ್ತಾಳಂತೆ.

ಜೇಬಿನಿಂದ ಕಾರ್ಡು ತೆಗೆದ. ಸಾಯುವವರೆಗೂ
ಮೈಗೆ ಸೋಕಿಸಬಾರದ ಮದ್ದಿನ ಹೆಸರು,
ಬೆವರಿಗೆ ಅಳಿಸಿಹೋಗಿದೆ, ಮತ್ತೆ ಬರೆದುಕೊಡು.
ಪೆನ್ನು ಹುಡುಕುವಾಗ ಕೇಳಿದ:
ಕಾಲು ಉಳಿಸಿದ್ದೂ ಅದೇ ಅಲ್ಲವೇ?
ಹೌದು.
ಹಾಗಿದ್ದರೆ ದುಂಡಗೆ ಬರಿ.

ಕೆಂಪು ಶಾಯಿ ಒಣಗಿತ್ತು.
ನೀಲಿಯಲ್ಲೇ ಬರೆದೆ.